ಬಾಣಂತನಕ್ಕೆ ಡಲ್ಲಾಸ್‌ಗೆ ಹೊರಟ ಅಪ್ಪ-ಅಮ್ಮ: ಟಿಕೆಟ್ ಯಾವಾಗ, ಹೇಗೆ?

ಪ್ರಶ್ನೆ (ದಾವಣಗೆರೆ): ಎಲ್ಲರಿಗೂ ನಮಸ್ಕಾರ. ತಂಗಿ ಡಲ್ಲಾಸ್‌ನಲ್ಲಿದ್ದಾಳೆ, ಮೇ ಕೊನೆಗೆ ಹೆರಿಗೆ. ಬಾಣಂತನಕ್ಕೆ ಅಪ್ಪ (68), ಅಮ್ಮ (63) ಹೋಗಬೇಕು. ಇಬ್ಬರೂ ಇದುವರೆಗೆ ವಿಮಾನ ಹತ್ತಿಲ್ಲ, ಕನ್ನಡ ಬಿಟ್ಟರೆ ಬೇರೆ ಭಾಷೆ ಬರಲ್ಲ. ಅಮ್ಮನಿಗೆ ಮಂಡಿನೋವು. ಈಗ ಅಕ್ಟೋಬರ್. ಈಗಲೇ ಬುಕ್ ಮಾಡಿದರೆ ಅಗ್ಗ ಅಂತ ಕೆಲವರು, ಕಾಯಿರಿ ಅಂತ ಕೆಲವರು. ವೀಸಾ ಇನ್ನೂ ಆಗಿಲ್ಲ. ಟಿಕೆಟಿಂಗ್ ಕೆಲಸದಲ್ಲಿರುವವರು ದಯವಿಟ್ಟು ತಿಳಿಸಿ.

ಉತ್ತರ (ಟಿಕೆಟಿಂಗ್): ವೀಸಾ ಕೈಗೆ ಬರುವವರೆಗೆ ದುಡ್ಡು ಕಟ್ಟಬೇಡಿ ಸರ್. ಅಮೆರಿಕ ವೀಸಾಕ್ಕೆ ತುಂಬುವ ಡಿಎಸ್-160 ಅರ್ಜಿಗೆ ಟಿಕೆಟ್ ಬೇಕಾಗಿಲ್ಲ. ವೀಸಾ ಸಿಗುವ ಮುಂಚೆ ಪ್ರಯಾಣ ಖಚಿತ ಮಾಡಿಕೊಳ್ಳಬೇಡಿ ಎಂದು ಅಮೆರಿಕದವರೇ ಹೇಳುತ್ತಾರೆ. ಕಂಪನಿಗಳು ಸುಮಾರು 330ರಿಂದ 360 ದಿನ ಮುಂಚೆ ಸೀಟು ಮಾರಾಟಕ್ಕೆ ಬಿಡುತ್ತವೆ, ನಿಜ. ಬಿಟ್ಟ ದಿನವೇ ಕಡಿಮೆ ದರ ಇರುತ್ತದೆ ಅನ್ನೋದು ಮಾತ್ರ ತಪ್ಪು ತಿಳಿವಳಿಕೆ. ನಿಮಗೆ ಸಿಕ್ಕಿರುವ ಏಳು ತಿಂಗಳನ್ನು ಬೇರೆ ಕೆಲಸಕ್ಕೆ ಬಳಸಿ.

ಮೊದಲು ಇಬ್ಬರ ಪಾಸ್‌ಪೋರ್ಟ್ ತೆಗೆದು ಸರ್‌ನೇಮ್ ಸಾಲು ನೋಡಿ. ನಮ್ಮ ಕಡೆ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಆ ಸಾಲು ಖಾಲಿ, ಕೆಳಗೆ ಬರೀ ‘ರುದ್ರಮ್ಮ’ ಅಂತ ಇರುತ್ತದೆ. ಆಗ ಅಮೆರಿಕದ ವೀಸಾದಲ್ಲಿ ರುದ್ರಮ್ಮ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ. ಟಿಕೆಟ್‌ನಲ್ಲಿ ಅದನ್ನು ಹೇಗೆ ಹಾಕಬೇಕು ಅನ್ನುವುದಕ್ಕೆ ಒಂದೊಂದು ಕಂಪನಿಗೂ ಒಂದೊಂದು ಪದ್ಧತಿ. ಕೆಲವರು ಎಫ್‌ಎನ್‌ಯು ಕೇಳುತ್ತಾರೆ, ಕೆಲವರು ಅದೇ ಹೆಸರನ್ನು ಎರಡು ಸಲ ಹಾಕಿಸುತ್ತಾರೆ. ಇದಲ್ಲದೆ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಯುಎಇ ವಿಸಿಟ್ ವೀಸಾಕ್ಕೂ ತೊಡಕಿದೆ. ದುಬೈ ಮೂಲಕ ಹೋಗುವಾಗ ವಿಮಾನ ತಪ್ಪಿ ಅಲ್ಲಿ ಹೊರಗೆ ಉಳಿಯಬೇಕಾಗಿ ಬಂದರೆ ಕಷ್ಟ. ವೀಸಾ ಅರ್ಜಿ ಹಾಕುವ ಮುಂಚೆಯೇ ಪಾಸ್‌ಪೋರ್ಟ್ ರೀ-ಇಶ್ಯೂ ಮಾಡಿಸಿ ಸರ್‌ನೇಮ್ ಸೇರಿಸಿಬಿಡಿ. ವೀಸಾ ಆದಮೇಲೆ ಹೆಸರು ಬದಲಾಯಿಸಿದರೆ ಪಾಸ್‌ಪೋರ್ಟ್‌ಗೂ ವೀಸಾಗೂ ತಾಳೆ ಬರಲ್ಲ. ವಾಪಸ್ ಬರುವ ದಿನದಿಂದ ಮುಂದಕ್ಕೆ 6 ತಿಂಗಳ ಅವಧಿ ಪಾಸ್‌ಪೋರ್ಟ್‌ನಲ್ಲಿ ಉಳಿದಿರಲಿ.

ದರ ನೋಡುವುದನ್ನು ಇವತ್ತೇ ಶುರು ಮಾಡಿ. ಗೂಗಲ್ ಫ್ಲೈಟ್ಸ್‌ನಲ್ಲಿ ಬೆಂಗಳೂರು–ಡಲ್ಲಾಸ್ ಹಾಕಿ, ಮೇ ಮೊದಲ ಎರಡು ವಾರದ ಕ್ಯಾಲೆಂಡರ್ ತೆರೆದು ಅಲರ್ಟ್ ಇಡಿ. ಹೆರಿಗೆ 37ನೇ ವಾರಕ್ಕೂ ಆಗಬಹುದು, ಹಾಗಾಗಿ ಕೊಟ್ಟ ಡೇಟ್‌ಗಿಂತ ಮೂರು ವಾರ ಮುಂಚೆ ಅವರು ಅಲ್ಲಿರುವುದು ಒಳ್ಳೆಯದು. ವೀಸಾ ಸಿಕ್ಕಮೇಲೆ, ಫೆಬ್ರವರಿ ಮುಗಿಯುವುದರೊಳಗೆ ಟಿಕೆಟ್ ತಗೊಳ್ಳಿ. ಮೇ ತಿಂಗಳು ರಜೆಯ ಕಾಲ, ಏಪ್ರಿಲ್‌ವರೆಗೆ ಕಾದರೆ ಕೆಳಗಿನ ದರದ ಸೀಟುಗಳು ಖಾಲಿಯಾಗಿರುತ್ತವೆ.

ಪ್ರಶ್ನೆ (ತುಮಕೂರು): ಮಧ್ಯೆ ಕೇಳ್ತಿದ್ದೀನಿ, ಕ್ಷಮಿಸಿ. ಒಬ್ಬರಿಗೆ ಹುಡುಕಿದರೆ ಒಂದು ರೇಟು, ಇಬ್ಬರಿಗೆ ಹುಡುಕಿದರೆ ತಲೆಗೆ ಜಾಸ್ತಿ ತೋರಿಸುತ್ತೆ. ಪದೇಪದೇ ನೋಡಿದ್ದಕ್ಕೆ ಏರಿಸಿದರಾ?

ಉತ್ತರ (ಟಿಕೆಟಿಂಗ್): ಇಲ್ಲ. ಒಂದೇ ಇಕಾನಮಿ ಕ್ಲಾಸ್‌ನಲ್ಲಿ ಹಲವು ದರದ ಮೆಟ್ಟಿಲುಗಳಿರುತ್ತವೆ, ಒಂದೊಂದಕ್ಕೂ ಒಂದು ಅಕ್ಷರ. ಅತಿ ಕೆಳಗಿನ ಮೆಟ್ಟಿಲಲ್ಲಿ ಒಂದೇ ಸೀಟು ಉಳಿದಿದ್ದರೆ, ಇಬ್ಬರಿಗೆ ಕೇಳಿದಾಗ ಸಿಸ್ಟಮ್ ಇಬ್ಬರನ್ನೂ ಮೇಲಿನ ಮೆಟ್ಟಿಲಿಗೆ ಹಾಕುತ್ತದೆ. ಪ್ರಾಯದವರಾದರೆ ಬೇರೆ ಬೇರೆ ಬುಕ್ ಮಾಡಿ ಉಳಿಸಬಹುದು. ಹಿರಿಯ ದಂಪತಿಗೆ ಬೇಡವೇ ಬೇಡ. ವಿಮಾನ ರದ್ದಾದಾಗ ಎರಡು ಪಿಎನ್‌ಆರ್ (ಬುಕಿಂಗ್ ನಂಬರ್) ಅಂದರೆ ಸಿಸ್ಟಮ್ ಲೆಕ್ಕದಲ್ಲಿ ಇಬ್ಬರು ಅಪರಿಚಿತರು. ಒಬ್ಬರನ್ನು ಇವತ್ತಿನ ವಿಮಾನಕ್ಕೆ, ಇನ್ನೊಬ್ಬರನ್ನು ನಾಳೆಯದಕ್ಕೆ ಹಾಕಿಬಿಡಬಹುದು.

ಪ್ರಶ್ನೆ (ದಾವಣಗೆರೆ): ಬೆಂಗಳೂರು–ಮುಂಬೈ ಬೇರೆ, ಮುಂಬೈ–ಅಮೆರಿಕ ಬೇರೆ ತಗೊಂಡರೆ ಕಡಿಮೆ ಆಗುತ್ತೆ ಅಂತ ಭಾವ ಹೇಳ್ತಿದ್ದಾರೆ.

ಉತ್ತರ (ಟಿಕೆಟಿಂಗ್): ಲಗೇಜ್ ಲೆಕ್ಕ ಹಾಕಿ ನೋಡಿ. ಅಮೆರಿಕದ ಟಿಕೆಟ್‌ಗೆ ಸಾಮಾನ್ಯವಾಗಿ ತಲಾ 23 ಕೆಜಿಯ ಎರಡು ಪೆಟ್ಟಿಗೆ, ಅಂದರೆ 46 ಕೆಜಿ. ಒಳನಾಡಿನ ಟಿಕೆಟ್‌ಗೆ ಹೆಚ್ಚಿನ ಕಡೆ 15 ಕೆಜಿ. ಬೇರೆ ಬೇರೆ ಕೊಂಡರೆ ಮುಂಬೈವರೆಗೆ ತಲಾ 31 ಕೆಜಿಗೆ ಹೆಚ್ಚುವರಿ ದುಡ್ಡು ಕಟ್ಟಬೇಕು, ಇಬ್ಬರಿಗೆ 62 ಕೆಜಿ. ಮುಂಬೈನಲ್ಲಿ ನಾಲ್ಕು ಪೆಟ್ಟಿಗೆ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಮೊದಲನೇ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ, ದೊಡ್ಡ ಟಿಕೆಟ್ ಹೋದಂತೆಯೇ. ಒಂದೇ ಪಿಎನ್‌ಆರ್ ಆದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಜವಾಬ್ದಾರಿ ಕಂಪನಿಯದು.

ದುಬೈ ಅಥವಾ ದೋಹಾ ಮೂಲಕ ಡಲ್ಲಾಸ್‌ಗೆ ಒಂದೇ ನಿಲುಗಡೆ. ಅಲ್ಲಿ 3ರಿಂದ 4 ಗಂಟೆ ಬಿಡುವು ಇರುವುದನ್ನೇ ಆರಿಸಿ. ಲಂಡನ್, ಫ್ರಾಂಕ್‌ಫರ್ಟ್ ಮೂಲಕವೂ ಇದೆ. ಅಲ್ಲಿ ಟ್ರಾನ್ಸಿಟ್ (ಮಧ್ಯೆ ವಿಮಾನ ಬದಲಿಸುವವರ) ವೀಸಾ ನಿಯಮ ಬೇರೆ, ಚಾಲ್ತಿಯ ಅಮೆರಿಕ ವೀಸಾ ಇದ್ದವರಿಗೆ ವಿನಾಯಿತಿ ಇದೆ. ಅಮೆರಿಕದೊಳಗೆ ಇನ್ನೊಂದು ವಿಮಾನ ಬದಲಿಸುವ ಟಿಕೆಟ್ ಮಾತ್ರ ಬೇಡ. ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ತೆಗೆದುಕೊಂಡು, ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕಾಗುತ್ತದೆ. ಭಾಷೆ ಬಾರದ ಹಿರಿಯರು ತಬ್ಬಿಬ್ಬಾಗುವುದೇ ಅಲ್ಲಿ.

ಪ್ರಶ್ನೆ (ದಾವಣಗೆರೆ): ವಾಪಸ್ ಡೇಟ್ ಗೊತ್ತಿಲ್ಲ. ‘ಡೇಟ್ ಚೇಂಜ್ ಫ್ರೀ’ ಅಂತ ಇರೋದು ತಗೊಳ್ಳಲಾ?

ಉತ್ತರ (ಟಿಕೆಟಿಂಗ್): ತಗೊಳ್ಳಿ, ಆದರೆ ಫ್ರೀ ಆಗುವುದು ದಂಡ ಮಾತ್ರ. ಹೊಸ ದಿನದ ದರ ಹೆಚ್ಚಿದ್ದರೆ ಆ ವ್ಯತ್ಯಾಸ ಕಟ್ಟಲೇಬೇಕು, ಎಷ್ಟೋ ಸಲ ದಂಡಕ್ಕಿಂತ ಅದೇ ದೊಡ್ಡ ಮೊತ್ತ. ಹೊರಟ ದಿನದಿಂದ ಒಂದು ವರ್ಷ ಟಿಕೆಟ್ ಚಾಲ್ತಿಯಲ್ಲಿರುವುದು ರೂಢಿ. ಅಗ್ಗದ ದರಗಳಲ್ಲಿ ಗರಿಷ್ಠ ವಾಸ್ತವ್ಯದ ಮಿತಿ ಇರಬಹುದು, ಫೇರ್ ರೂಲ್ (ಆ ದರದ ಷರತ್ತು) ಓದಿಸಿಕೊಳ್ಳಿ. ವಿಸಿಟರ್ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ. ಎಷ್ಟು ಎಂದು ನಿರ್ಧರಿಸುವುದು ಇಳಿದಾಗ ಅಲ್ಲಿನ ಅಧಿಕಾರಿ. ವಾಪಸ್ ಅಕ್ಟೋಬರ್ ಮಧ್ಯಕ್ಕೆ ಹಾಕಿಸಿ.

ಟಿಕೆಟ್ ಬಂದಮೇಲೆ ಆರು ಅಕ್ಷರದ ಪಿಎನ್‌ಆರ್ ನೋಡಿ ಸುಮ್ಮನಾಗಬೇಡಿ. 13 ಅಂಕಿಯ ಟಿಕೆಟ್ ನಂಬರ್ ಇದೆಯಾ ನೋಡಿ. ಎಮಿರೇಟ್ಸ್‌ನದು 176ರಿಂದ, ಕತಾರ್‌ನದು 157ರಿಂದ ಶುರು. ಆ ನಂಬರ್ ಇಲ್ಲದಿದ್ದರೆ ಸೀಟು ಹಿಡಿದಿಟ್ಟಿದ್ದಾರೆ ಅಷ್ಟೇ, ಟಿಕೆಟ್ ಆಗಿಲ್ಲ. ಅಮೆರಿಕಕ್ಕೆ ಹೋಗುವ ಟಿಕೆಟನ್ನು ಹೊರಡಲು 7 ದಿನ ಅಥವಾ ಹೆಚ್ಚು ಇರುವಾಗ ನೇರವಾಗಿ ಕಂಪನಿಯಿಂದ ಕೊಂಡರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು ಅಥವಾ ದುಡ್ಡು ಕಟ್ಟದೆ ಅಷ್ಟು ಹೊತ್ತು ಹಿಡಿದಿಡಲು ಅವಕಾಶ ಇರಲೇಬೇಕು. ಅದು ಅಲ್ಲಿನ ಸಾರಿಗೆ ಇಲಾಖೆಯ ನಿಯಮ. ಆ ಒಂದು ದಿನದಲ್ಲಿ ಹೆಸರಿನ ಒಂದೊಂದು ಅಕ್ಷರವನ್ನೂ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ತಾಳೆ ನೋಡಿ.

ಇನ್ನು ವೇಳಾಪಟ್ಟಿ. ವಿಮಾನಗಳ ಬೇಸಿಗೆ ವೇಳಾಪಟ್ಟಿ ಮಾರ್ಚ್ ಕೊನೆಯ ಭಾನುವಾರ, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರ ಶುರುವಾಗುತ್ತದೆ. ಮೇ ತಿಂಗಳ ಟಿಕೆಟ್ ಫೆಬ್ರವರಿಯಲ್ಲಿ ಕೊಂಡರೆ ಸಮಯ ಬದಲಾಗುವ ಸಾಧ್ಯತೆ ಇದ್ದೇ ಇದೆ. ಎರಡು ವಾರಕ್ಕೊಮ್ಮೆ ಪಿಎನ್‌ಆರ್ ತೆರೆದು ನೋಡಿ. ಮೂರೂವರೆ ಗಂಟೆಯ ಬಿಡುವು 55 ನಿಮಿಷಕ್ಕೆ ಇಳಿದು ಇಮೇಲ್ ಬಂದರೆ ‘ಆಕ್ಸೆಪ್ಟ್’ ಒತ್ತಬೇಡಿ. ಫೋನ್ ಮಾಡಿ ಬೇರೆ ಜೋಡಣೆ ಕೇಳಿ, ಬದಲಾವಣೆ ಅವರ ಕಡೆಯದಾದರೆ ಸಾಮಾನ್ಯವಾಗಿ ದಂಡವಿಲ್ಲದೆ ಮಾಡಿಕೊಡುತ್ತಾರೆ. ಒಂದು ಸಲ ಒತ್ತಿದರೆ ನೀವೇ ಒಪ್ಪಿಕೊಂಡ ಹಾಗೆ.

ಉತ್ತರ (ಗ್ರೌಂಡ್ ಸ್ಟಾಫ್): ಅಮ್ಮನವರ ವೀಲ್‌ಚೇರ್ ಬಗ್ಗೆ ನಾನು ಹೇಳ್ತೀನಿ. ಅದರಲ್ಲಿ ಮೂರು ಬಗೆ. ಡಬ್ಲ್ಯುಸಿಎಚ್‌ಆರ್ ಅಂದರೆ ದೂರ ನಡೆಯಲಾಗದು, ಮೆಟ್ಟಿಲು ಹತ್ತಬಲ್ಲರು. ಡಬ್ಲ್ಯುಸಿಎಚ್‌ಎಸ್ ಅಂದರೆ ಮೆಟ್ಟಿಲೂ ಆಗದು. ಡಬ್ಲ್ಯುಸಿಎಚ್‌ಸಿ ಅಂದರೆ ಸೀಟಿನವರೆಗೂ ಕರೆದೊಯ್ಯಬೇಕು. ಮಂಡಿನೋವಿಗೆ ಎರಡನೆಯದು ಹಾಕಿಸಿ. ವಿಮಾನ ಏರ್‌ಬ್ರಿಡ್ಜ್‌ಗೆ (ಟರ್ಮಿನಲ್‌ನಿಂದ ನೇರ ವಿಮಾನಕ್ಕೆ ನಡೆಯುವ ಸೇತುವೆಗೆ) ಬಾರದೆ ದೂರ ನಿಂತರೆ ಬಸ್ಸಿನಿಂದ ಇಳಿದು ಕಡಿದಾದ ಮೆಟ್ಟಿಲು ಹತ್ತಬೇಕು, ಮೊದಲನೆಯದು ಹಾಕಿಸಿದವರು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹೋಗುವ ಎರಡು, ಬರುವ ಎರಡು, ನಾಲ್ಕೂ ವಿಮಾನಕ್ಕೆ ‘ಎಚ್‌ಕೆ’ ಅಂತ ಬಿದ್ದಿದೆಯಾ ಕೇಳಿ, ಅದೇ ಖಚಿತವಾದ ಗುರುತು. ಅಪ್ಪನವರು ಅದೇ ಪಿಎನ್‌ಆರ್‌ನಲ್ಲಿದ್ದರೆ ಕುರ್ಚಿ ತಳ್ಳುವವರ ಜೊತೆ ನಡೆದುಕೊಂಡು ಬರಬಹುದು.

ಊಟಕ್ಕೆ ‘ಹಿಂದೂ ಮೀಲ್’ ಒತ್ತಬೇಡಿ. ಅದರ ಕೋಡ್ ಎಚ್‌ಎನ್‌ಎಂಎಲ್, ಅದು ಸಸ್ಯಾಹಾರವಲ್ಲ, ಅದರಲ್ಲಿ ಮಾಂಸ ಇರುತ್ತದೆ. ನಮ್ಮವರಿಗೆ ಬೇಕಾದದ್ದು ಎವಿಎಂಎಲ್ (ಏಷ್ಯನ್ ಸಸ್ಯಾಹಾರ), ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರಿಗೆ ವಿಜೆಎಂಎಲ್ (ಜೈನ ಊಟ). ಕನಿಷ್ಠ 24 ಗಂಟೆ ಮುಂಚೆ ಹೇಳಬೇಕು. ಟಿಕೆಟ್ ಮಾಡಿಸುವಾಗಲೇ ಹಾಕಿಸಿದರೆ ಮರೆಯುವುದಿಲ್ಲ.

ಪ್ರಶ್ನೆ (ದಾವಣಗೆರೆ): ಅಂಟಿನುಂಡೆಗೆ ಕೊಬ್ಬರಿ ತಗೊಂಡು ಹೋಗ್ತೀನಿ ಅಂತಿದ್ದಾರೆ ಅಮ್ಮ.

ಉತ್ತರ (ಗ್ರೌಂಡ್ ಸ್ಟಾಫ್): ಕೊಬ್ಬರಿ ಗಿಟಕು ಚೆಕ್-ಇನ್ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಎಣ್ಣೆ ಅಂಶ ಹೆಚ್ಚು, ಬೇಗ ಹೊತ್ತಿಕೊಳ್ಳುತ್ತದೆ. ಎಕ್ಸ್‌-ರೇಯಲ್ಲಿ ಕಂಡರೆ ಪೆಟ್ಟಿಗೆ ತೆರೆಸುತ್ತಾರೆ. ಡಲ್ಲಾಸ್‌ನ ಇಂಡಿಯನ್ ಅಂಗಡಿಗಳಲ್ಲೇ ಕೊಳ್ಳಲಿ. ಹಸಿ ಕರಿಬೇವೂ ಬೇಡ, ಅಮೆರಿಕದವರು ಒಳಗೆ ಬಿಡಲ್ಲ. ಉಳಿದ ತಿಂಡಿ ಏನೇ ಇದ್ದರೂ ಕಸ್ಟಮ್ಸ್‌ನಲ್ಲಿ ಇದೆ ಎಂದು ಹೇಳಲಿ. ಹೇಳದೆ ಸಿಕ್ಕಿದರೆ ದಂಡ.

ಪ್ರಶ್ನೆ (ದಾವಣಗೆರೆ): ಕೊನೆಯದಾಗಿ, ಮೇ 10, 02:15 ಅಂತ ಒಂದು ವಿಮಾನ ತೋರಿಸ್ತಿದೆ. 10ರ ಬೆಳಿಗ್ಗೆ ಊರು ಬಿಟ್ಟರೆ ಸಾಕಾ?

ಉತ್ತರ (ಗ್ರೌಂಡ್ ಸ್ಟಾಫ್): ಖಂಡಿತ ಬೇಡ, ಅಷ್ಟೊತ್ತಿಗೆ ವಿಮಾನ ಹೋಗಿರುತ್ತದೆ! 02:15 ಅಂದರೆ 9ರ ರಾತ್ರಿ ಕಳೆದು ಬರುವ ಸರಿಹೊತ್ತು. 9ರ ಮಧ್ಯಾಹ್ನ 3ಕ್ಕೆ ದಾವಣಗೆರೆ ಬಿಡಿ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಬಂದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ರಾತ್ರಿ 10ರೊಳಗೆ ಟರ್ಮಿನಲ್ 2ರ ಬಾಗಿಲಲ್ಲಿರಿ. ಕೌಂಟರ್ ಹೊರಡುವುದಕ್ಕೆ ಕನಿಷ್ಠ 60 ನಿಮಿಷ ಮುಂಚೆಯೇ ಮುಚ್ಚುತ್ತದೆ. ವೀಲ್‌ಚೇರ್ ಇರುವುದರಿಂದ ಕೌಂಟರ್ ತೆರೆದ ಕೂಡಲೇ ಮೊದಲ ಸಾಲಿನಲ್ಲಿ ನಿಂತುಕೊಳ್ಳಿ.