ಕಡಿಮೆ ಬೆಲೆಯ ರಿಸೀವರ್‌ಗಳಲ್ಲಿ ಯಾವುದರ ಸರೌಂಡ್ ಚೆನ್ನಾಗಿದೆ?

ಪ್ರಶ್ನೆ (ಮಂಡ್ಯ): ನಮ್ಮ ಹಾಲ್ 12 ಅಡಿ ಅಗಲ, 14 ಅಡಿ ಉದ್ದವಿದೆ. 5.1 ಸ್ಪೀಕರ್‌ಗಳು (ಐದು ಸ್ಪೀಕರ್, ಒಂದು ಸಬ್‌ವೂಫರ್) ಈಗಾಗಲೇ ಇವೆ. ಅವನ್ನು ನುಡಿಸುವ ರಿಸೀವರ್‌ಗಳಾದ ಯಮಹಾ ಆರ್‌ಎಕ್ಸ್-ವಿ385 ಮತ್ತು ಸೋನಿ ಎಸ್‌ಟಿಆರ್-ಡಿಎಚ್590, ಇವೆರಡರಲ್ಲಿ ಯಾವುದರ ಸರೌಂಡ್ ಚೆನ್ನಾಗಿದೆ? ವಾಟ್ ಹೆಚ್ಚಿರುವುದರಿಂದ ಸೋನಿಯ ಕಡೆಗೆ ಮನಸ್ಸು ವಾಲಿದೆ. ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ (ಮೈಸೂರು, ಕುವೆಂಪುನಗರ): ವಾಟ್ ನೋಡಿ ತೀರ್ಮಾನಿಸಬೇಡಿ ಸರ್. ಸೋನಿಯ 145 ವಾಟ್ ಎಂಬುದು ಒಂದೇ ಚಾನೆಲ್ (ಒಂದು ಸ್ಪೀಕರಿಗೆ ಹೋಗುವ ಶಬ್ದದ ದಾರಿ) ನಡೆಸಿ, 1 ಕಿಲೋಹರ್ಟ್ಸ್‌ನ ಒಂದೇ ಸ್ವರಕ್ಕೆ, ಶೇ. 0.9ರಷ್ಟು ವಿಕೃತಿಯನ್ನು ಒಪ್ಪಿಕೊಂಡು ಅಳೆದದ್ದು. ಯಮಹಾದ 70 ವಾಟ್ ಎರಡು ಚಾನೆಲ್‌ಗಳನ್ನು ಒಟ್ಟಿಗೆ ನಡೆಸಿ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಶೇ. 0.09ರ ಮಿತಿಯೊಳಗೆ ಅಳೆದದ್ದು. ಸೋನಿ ಅಳೆದಂತೆಯೇ ಅಳೆದರೆ ಯಮಹಾ ಕೂಡ 100 ವಾಟ್ ಎಂದು ಬರೆದುಕೊಳ್ಳುತ್ತದೆ. ವಾಟ್ ಇಮ್ಮಡಿಯಾದರೂ ಶಬ್ದ ಏರುವುದು 3 ಡೆಸಿಬಲ್ ಮಾತ್ರ. ನಿಮ್ಮ ಹಾಲಿನ ಅಳತೆಗೆ ಎರಡೂ ಧಾರಾಳವಾಗಿ ಸಾಕು.

ನನ್ನ ಮನೆಯಲ್ಲಿರುವುದು ಯಮಹಾ, ಸರಸ್ವತಿಪುರಂನ ಸ್ನೇಹಿತರೊಬ್ಬರದು ಸೋನಿ. ಒಂದು ಭಾನುವಾರ ಅವರು ತಮ್ಮದನ್ನು ಹೊತ್ತು ತಂದರು. ನನ್ನ ಸ್ಪೀಕರ್‌ಗಳಿಗೇ ಎರಡನ್ನೂ ಒಂದಾದ ಮೇಲೊಂದರಂತೆ ಜೋಡಿಸಿ, ಮಳೆ ಸುರಿಯುವ ಒಂದೇ ದೃಶ್ಯವನ್ನು ಕೇಳಿದೆವು. ಮೊದಲ ಸಲ ಸೋನಿಯಲ್ಲಿ ಮಳೆ ಸುತ್ತಲೂ ಹೆಚ್ಚು ತುಂಬಿಕೊಂಡಂತೆ ಅನ್ನಿಸಿತು. ಆಮೇಲೆ ನೋಡಿದರೆ, ಅವರು ತಮ್ಮ ಮನೆಯ ಹಿಂದಿನ ಸ್ಪೀಕರ್‌ಗಳಿಗಾಗಿ ಏರಿಸಿದ್ದ ಮಟ್ಟ ಹಾಗೆಯೇ ಉಳಿದಿತ್ತು. ಫೋನಿನ ಶಬ್ದಮಾಪಕವನ್ನು ಸೋಫಾದಲ್ಲಿ ಕೂತವರ ಕಿವಿಯ ಎತ್ತರಕ್ಕೆ ಹಿಡಿದು, ಟೆಸ್ಟ್ ಟೋನ್ ಕೊಟ್ಟು ಎರಡರ ಮಟ್ಟವನ್ನೂ ಒಂದೇ ಮಾಡಿದ ಮೇಲೆ, ಯಾವುದು ನುಡಿಯುತ್ತಿದೆ ಎಂದು ಹೇಳದೆ ಮನೆಯವರಿಗೆ ಮೂರು ಸಲ ಕೇಳಿಸಿದೆವು. ಅವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ.

ನಿಜವಾಗಿ ವ್ಯತ್ಯಾಸ ತರುವುದು ಪೆಟ್ಟಿಗೆಯ ಜೊತೆ ಬರುವ ಅಳತೆಯ ಮೈಕ್. ಶಬ್ದ ಒಂದು ಅಡಿ ಸಾಗಲು ಸುಮಾರು 0.9 ಮಿಲಿಸೆಕೆಂಡ್ ಹಿಡಿಯುತ್ತದೆ. ಹಿಂದಿನ ಸ್ಪೀಕರ್ ನಾಲ್ಕು ಅಡಿಯಲ್ಲಿ, ಮುಂದಿನದು ಒಂಬತ್ತು ಅಡಿಯಲ್ಲಿದ್ದರೆ ಹಿಂದಿನ ಶಬ್ದ ನಾಲ್ಕೂವರೆ ಮಿಲಿಸೆಕೆಂಡ್ ಮೊದಲೇ ಕಿವಿ ಮುಟ್ಟಿ, ಗಮನವನ್ನು ಪರದೆಯಿಂದ ಎಳೆದುಬಿಡುತ್ತದೆ. ಯಮಹಾದಲ್ಲಿ ವೈಪಿಎಒ, ಸೋನಿಯಲ್ಲಿ ಡಿಸಿಎಸಿ ಎಂಬ ವ್ಯವಸ್ಥೆ ಈ ದೂರವನ್ನು ಅಳೆದು, ಹತ್ತಿರದ ಸ್ಪೀಕರನ್ನು ಅಷ್ಟು ಹೊತ್ತು ತಡೆದು ನುಡಿಸುತ್ತದೆ. ನಾನು ಮೊದಲ ದಿನ ಮೈಕನ್ನು ಸೋಫಾದ ಮೆತ್ತೆಯ ಮೇಲೆ ಇಟ್ಟು ತಪ್ಪು ಮಾಡಿದ್ದೆ. ಕ್ಯಾಮೆರಾ ಸ್ಟ್ಯಾಂಡಿಗೆ ಸಿಕ್ಕಿಸಿ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಆರಿಸಿ, ಅಡುಗೆಮನೆಯಲ್ಲಿ ಕುಕ್ಕರ್ ಕೂಗದ ಹೊತ್ತು ನೋಡಿ ಮತ್ತೆ ಅಳೆದಾಗ ಹಾಲಿನ ಧ್ವನಿಯೇ ಬದಲಾಯಿತು. ಹಿಂದಿನ ಜೋಡಿಯನ್ನು ತೀರ ಬೆನ್ನ ಹಿಂದೆ ಇಡದೆ, ನೇರ ಮುಂದಿನಿಂದ 110–120 ಡಿಗ್ರಿ ಕೋನದಲ್ಲಿ, ಕಿವಿಗಿಂತ ತುಸು ಎತ್ತರದಲ್ಲಿ ಇಡಿ. ಎರಡರಲ್ಲೂ ಅಟ್ಮಾಸ್ (ಮೇಲಿನಿಂದಲೂ ಶಬ್ದ ಕೇಳಿಸುವ ಡಾಲ್ಬಿ ವ್ಯವಸ್ಥೆ) ಇಲ್ಲ, 5.1ಕ್ಕೆ ಅದರ ಕೊರತೆ ಕಾಡದು. ನಾನಾದರೆ ಬೆಲೆ ಕಡಿಮೆ ಇರುವುದನ್ನು, ಸರ್ವಿಸ್ ಸೆಂಟರ್ ಹತ್ತಿರವಿರುವುದನ್ನು ಕೊಳ್ಳುತ್ತೇನೆ.

ಇನ್ನೊಂದು ಉತ್ತರ (ಮಂಡ್ಯ): ಮೇಲಿನವರ ಮಾತಿಗೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ಎಂಟು ದಿನ ನಮ್ಮ ಹಿಂದಿನ ಸ್ಪೀಕರ್‌ಗಳು ಮೌನವಾಗಿದ್ದವು. ರಿಸೀವರ್ ಕೆಟ್ಟಿದೆಯೆಂದೇ ಭಾವಿಸಿದ್ದೆ. ಟಿವಿಯ ಡಿಜಿಟಲ್ ಆಡಿಯೊ ಔಟ್‌ಪುಟ್ ಪಿಸಿಎಂನಲ್ಲಿತ್ತು (ಟಿವಿಯೇ ಶಬ್ದವನ್ನು ಬಿಡಿಸಿ ಕಳಿಸುವ ಬಗೆ), ಎಆರ್‌ಸಿ (ಟಿವಿಯ ಶಬ್ದವನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ರಿಸೀವರಿಗೆ ಕಳಿಸುವ ದಾರಿ) ಮೂಲಕ ಹಾಗೆ ಬರುವುದು ಎರಡೇ ಚಾನೆಲ್. ಅದನ್ನು ಬಿಟ್‌ಸ್ಟ್ರೀಮ್‌ಗೆ (ಶಬ್ದವನ್ನು ಬಿಡಿಸದೆ ಹಾಗೆಯೇ ಕಳಿಸುವ ಬಗೆ) ಬದಲಿಸಿದ ಕೂಡಲೇ ಡಾಲ್ಬಿ ಎಂಬ ಅಕ್ಷರಗಳು ರಿಸೀವರಿನ ಮುಖದ ಮೇಲೆ ಮೂಡಿದವು.

ನಮ್ಮದು ಟೈಲ್ಸ್ ನೆಲ, ಬರಿಯ ಗೋಡೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಹಿಂದೆಯೇ ಝಿಂಯ್ ಎನ್ನುವ ಬಾಲ ಕೇಳಿಸುತ್ತಿತ್ತು. ದಪ್ಪ ಜಮಖಾನ ಹಾಸಿ, ಕಿಟಕಿಗೆ ಪರದೆ ಬಿಟ್ಟ ಮೇಲೆ ಅದು ಅಡಗಿತು. ಸಂಭಾಷಣೆ ಮಾತ್ರ ಇನ್ನೂ ಗುಂಯ್‌ಗುಡುತ್ತಿತ್ತು. ಶೋಕೇಸಿನ ಒಳಗಿದ್ದ ಸೆಂಟರ್ ಸ್ಪೀಕರನ್ನು ಹಲಗೆಯ ಅಂಚಿಗೆ ಎಳೆದು, ಮುಂಭಾಗದ ಅಡಿಗೆ ಮಡಿಸಿದ ಟವೆಲ್ ಕೊಟ್ಟು ಮುಖವನ್ನು ಕಿವಿಯತ್ತ ಎತ್ತಿದಾಗ ಮಾತು ತಿಳಿಯಾಯಿತು.