ಸಹಾಯ ಬೇಕು: ವರ್ಷಾರಂಭದ ಒಡಂಬಡಿಕೆ ಆರಾಧನೆಗೆ ಕನ್ನಡ ಪ್ರಾರ್ಥನೆ

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ಜನವರಿಯ ಮೊದಲ ಭಾನುವಾರ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಒಡಂಬಡಿಕೆ ಆರಾಧನೆ, ಅಂದರೆ ತನ್ನನ್ನು ದೇವರಿಗೆ ಹೊಸದಾಗಿ ಒಪ್ಪಿಸಿಕೊಡುವ ಆರಾಧನೆ, ಇದೆ. ಮೆಥಡಿಸ್ಟ್ ಕ್ರೈಸ್ತ ಪಂಗಡಕ್ಕೆ ಮೂಲನಾದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿ 1755ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಮೊದಲು ನಡೆಸಿದ ಈ ಆರಾಧನೆಯನ್ನು ಮೆಥಡಿಸ್ಟರು ಈಗ ಸಾಮಾನ್ಯವಾಗಿ ಹೊಸ ವರ್ಷಕ್ಕೆ ಇಟ್ಟುಕೊಳ್ಳುತ್ತಾರೆ. 1947ರಲ್ಲಿ ಅವರೂ ಸೇರಿಯೇ ಸಿಎಸ್‌ಐ ಆದದ್ದು, ಹಾಗಾಗಿ ಹಳೆಯ ಸಭೆಗಳಲ್ಲಿ ಕನ್ನಡ ಪ್ರತಿ ಇರಬಹುದು. ಇದ್ದರೆ ದಯವಿಟ್ಟು ಪುಟಗಳ ಫೋಟೋ ಕಳಿಸಿ.

ನಮಗೆ ಮುಖ್ಯವಾಗಿ ಬೇಕಿರುವುದು ಸಭೆಯೆಲ್ಲ ಒಟ್ಟಾಗಿ ಹೇಳುವ ಸಮರ್ಪಣೆಯ ಪ್ರಾರ್ಥನೆ. ದೇವರು ಕೆಲಸ ಕೊಟ್ಟರೂ ಸರಿ, ಬದಿಗೆ ಕೂರಿಸಿದರೂ ಸರಿ, ತುಂಬಿಸಿದರೂ ಬರಿದುಮಾಡಿದರೂ ಸರಿ ಎಂದು ತನ್ನನ್ನೇ ಒಪ್ಪಿಸಿಕೊಡುವ ಮಾತು ಅದು. ಸಾಲಿಗೆ ಐದಾರು ಪದ ಮೀರಬಾರದು. ಉದ್ದವಾದರೆ ಮುಂದಿನ ಬೆಂಚಿನವರು ಮುಗಿಸುವಾಗ ಹಿಂದಿನವರು ಇನ್ನೂ ಅರ್ಧದಲ್ಲಿರುತ್ತಾರೆ. ‘ನಾವು’ ಬೇಡ, ‘ನಾನು’ ಎಂದೇ ಇರಲಿ. ಇಲ್ಲಿ ಒಬ್ಬೊಬ್ಬರೂ ಸ್ವತಃ ಮಾತು ಕೊಡುತ್ತಾರೆ. ಹಿರಿಯರಿಗಾಗಿ ಅಕ್ಷರ 18 ಪಾಯಿಂಟ್ ಇಡುತ್ತೇವೆ.

ಪಾಪದ ಅರಿಕೆ, ಯೆರೆಮೀಯ 31:31-34, ಯೋಹಾನ 15:1-8, ಪ್ರಸಂಗ, ಒಡಂಬಡಿಕೆ, ಕೊನೆಗೆ ಕರ್ತನ ಭೋಜನ, ಇದು ಕ್ರಮ. ಪ್ರಾರ್ಥನೆಗೆ ಮುಂಚೆ ಮೂರು ನಿಮಿಷ ಮೌನ. ಆಗ ಕೀಬೋರ್ಡ್ ಮೆಲ್ಲಗೆ ನುಡಿದರೂ ಜನರ ಮನಸ್ಸು ರಾಗದ ಹಿಂದೆ ಹೋಗುತ್ತದೆ, ಆದ್ದರಿಂದ ವಾದ್ಯ ಪೂರ್ತಿ ನಿಲ್ಲಬೇಕೆಂಬುದು ನಮ್ಮ ದೃಢ ಅಭಿಪ್ರಾಯ. ಮಕ್ಕಳಿರುವ ಸಭೆಯಲ್ಲಿ ಈ ಮೌನವನ್ನು ಹೇಗೆ ಕಾಪಾಡುತ್ತೀರಿ? ತಿಳಿದವರು ಹೇಳಿ.

ಮನೆಯಲ್ಲಿ ಓದಿ ಯೋಚಿಸಿಯೇ ಬರಲೆಂದು ಪ್ರತಿಗಳನ್ನು ಒಂದು ವಾರ ಮೊದಲೇ ಹಂಚಬೇಕು. ಅದಕ್ಕೆ ಡಿಸೆಂಬರ್ 15ರೊಳಗೆ ಪಠ್ಯ ಸಿಕ್ಕರೆ ದೊಡ್ಡ ಉಪಕಾರ. ಕರಡು ತಿದ್ದಿಕೊಡಬಲ್ಲ ಅಯ್ಯನವರು, ಅಕ್ಕಂದಿರು ಯಾರಾದರೂ ಇದ್ದರೆ ಇಲ್ಲೇ ಬರೆಯಿರಿ.