ತಂಗಿಗೆ 23 ವಾರ, ಮಗುವಿನ ಹೃದಯದಲ್ಲಿ ತೊಂದ್ರೆ ಅಂದ್ರು, ಮುಂದೇನು? ಅನುಭವ ಇರೋರು ಹೇಳಿ

ಕೇಳಿದವರು, ಹಾಸನ ಜಿಲ್ಲೆ:

ಎಲ್ರಿಗೂ ನಮಸ್ಕಾರ. ನನ್ನ ತಂಗಿ ಬಸುರಿ, ಮೊದಲನೇದು, ಇವತ್ತಿಗೆ 23 ವಾರ 1 ದಿನ. ಐದನೇ ತಿಂಗಳ ಸ್ಕ್ಯಾನು ತಡ ಆಯ್ತು, ಊರಲ್ಲಿ ಹಬ್ಬ ಬಂತು, ಆಮೇಲೆ ಸೆಂಟರಲ್ಲಿ ಡೇಟ್ ಸಿಗ್ಲಿಲ್ಲ, ಹಿಂಗೇ ಮುಂದಕ್ಕೆ ಹೋಗಿ ಹೋಗಿ ಮೊನ್ನೆ ಮಾಡ್ಸಿದ್ವಿ. ಹೃದಯದ ಎಡಭಾಗ ಬೆಳೆದೇ ಇಲ್ಲ ಅಂತ ರಿಪೋರ್ಟ್. ಹುಟ್ಟಿದ್ರೆ ಮೂರು ಹಂತದಲ್ಲಿ ದೊಡ್ಡ ಆಪರೇಷನ್ ಆಗ್ಬೇಕು, ಆದ್ರೂ ಗ್ಯಾರಂಟಿ ಕೊಡಕ್ಕಾಗಲ್ಲ ಅಂದ್ರು. ತಂಗಿ ಎರಡು ದಿನದಿಂದ ಊಟ ಬಿಟ್ಟಿದಾಳೆ, ರಾತ್ರಿ ನನ್ನ ಹತ್ರ ಮಾತ್ರ "ಅಕ್ಕ ನಂಗೆ ಬೇಡ, ಅದಕ್ಕೆ ಅಷ್ಟು ನೋವು ಕೊಡಕ್ಕೆ ನನ್ನ ಕೈಲಾಗಲ್ಲ" ಅಂದ್ಲು. ನಮ್ಮ ಡಾಕ್ಟ್ರು 24 ವಾರ ಆಗೋಗತ್ತೆ, ನಮ್ಮಲ್ಲಿ ಗರ್ಭಪಾತ ಮಾಡಲ್ಲ, ಕೋರ್ಟಿಗೆ ಹೋಗ್ಬೇಕು ಅಂತಾರೆ. ಅವಳ ಅತ್ತೆ ದೇವರಿಟ್ಟ ಹಾಗೆ ಆಗ್ಲಿ ಅಂತಾರೆ, ಗಂಡ ಬಾಯೇ ಬಿಡ್ತಿಲ್ಲ. ಪೊಲೀಸ್ ಕೇಸ್ ಆಗತ್ತಾ? ಗಂಡನ ಸೈನ್ ಬೇಕಾ? ಎಷ್ಟು ದಿನ ಇದೆ ನಮ್ಮ ಕೈಲಿ?

ಉತ್ತರ, ಬೆಂಗಳೂರು:

ಅಕ್ಕ, ಮೊದಲು ಒಂದು ಉಸಿರು ಬಿಡಿ. ಪೊಲೀಸ್ ಕೇಸ್ ಆಗಲ್ಲ. ಟೈಮ್ ಇದೆ, ಆದ್ರೆ ಒಂದು ದಿನಾನೂ ಸುಮ್ನೆ ಕಳೀಬೇಡಿ.

ನಂದು 2022ರ ಕಥೆ. ಮಗುವಿನ ಬೆನ್ನುಮೂಳೆ ಮುಚ್ಕೊಂಡಿರ್ಲಿಲ್ಲ, ತಲೇಲಿ ನೀರು ತುಂಬಿತ್ತು. ಗೊತ್ತಾದಾಗ 22 ವಾರ 3 ದಿನ. ಸ್ಕ್ಯಾನ್ ಮಾಡ್ತಿದ್ದ ಮೇಡಂ ಅಲ್ಲಿವರ್ಗೂ "ನೋಡಿ ಕೈ, ನೋಡಿ ಕಾಲು" ಅಂತ ತೋರಿಸ್ತಾ ಮಾತಾಡ್ತಿದ್ರು, ಇದ್ದಕ್ಕಿದ್ದಂಗೆ ಮಾತು ನಿಲ್ಸಿ ಸ್ಕ್ರೀನ್ ಸ್ವಲ್ಪ ತಮ್ಮ ಕಡೆ ತಿರುಗಿಸ್ಕೊಂಡ್ರು. ಹೊಟ್ಟೆ ಮೇಲಿನ ಜೆಲ್ ತಣ್ಣಗೆ ಒಣಗ್ತಾ ಚರ್ಮ ಬಿಗೀತಿತ್ತು, ಅದನ್ನ ಒರೆಸ್ಕೊಳ್ಳಕ್ಕೂ ಹೇಳ್ಲಿಲ್ಲ ಯಾರೂ, ನಾನೂ ಹಂಗೇ ಮಲ್ಗಿದ್ದೆ.

ಅಲ್ಲಿಂದ ಒಂಬತ್ತು ದಿನ ಹಾಳು ಮಾಡಿದ್ವಿ. ಒಬ್ಬ ಡಾಕ್ಟ್ರು ಇನ್ನೊಂದು ಕಡೆ ಸ್ಕ್ಯಾನ್ ಮಾಡ್ಸಿ ಅಂದ್ರು, ಆ ಇನ್ನೊಂದು ಕಡೆಯವ್ರು ಸೋಮವಾರ ಬನ್ನಿ ಅಂದ್ರು, ಸೋಮವಾರ ಸರ್ಕಾರಿ ರಜ, ಆಮೇಲೆ ಮಾವ ಯಾರೋ ಜ್ಯೋತಿಷಿನ ಕೇಳ್ಕೊಂಡ್ ಬರ್ತೀನಿ ಅಂತ ಹೋದ್ರು (ಕೋಪ ಬರ್ಲಿಲ್ಲ ಆವಾಗ, ಈಗ ಬರತ್ತೆ). ಹೆದರಿದ್ದೋರ ಕೈಗೆ ಒಂದು ಕಾಗದ ಕೊಡಿ ಸಾಕು, ಅದನ್ನ ಹಿಡ್ಕೊಂಡು ಬಾಗಿಲಿಂದ ಬಾಗಿಲಿಗೆ ತಿರುಗ್ತಾನೇ ಇರ್ತಾರೆ. ಕಾನೂನು ವಾರ ಎಣಿಸ್ತಿರತ್ತೆ, ನಮ್ಮ ಮನೇಲಿ ಯಾರೂ ಎಣಿಸ್ತಿರ್ಲಿಲ್ಲ.

ಆಮೇಲೆ ಗೊತ್ತಾಗಿದ್ದು, 2021ರಲ್ಲೇ ಗರ್ಭಪಾತದ ಕಾನೂನು ಬದಲಾಗಿದೆ. ಮೊದಲು 1971ರ ಕಾನೂನಲ್ಲಿ 20 ವಾರಕ್ಕೆ ಮುಗೀತಿತ್ತು, ಈಗ 20 ವಾರದವರ್ಗೂ ಒಬ್ಬ ಡಾಕ್ಟ್ರ ಅಭಿಪ್ರಾಯ ಸಾಕು, 20ರಿಂದ 24ರವರ್ಗೆ ಇಬ್ರು ಬೇಕು, ಆ ಗುಂಪಲ್ಲಿ ಮಗುವಿಗೆ ಗಂಭೀರ ತೊಂದ್ರೆ ಇರೋರೂ ಬರ್ತಾರೆ. 24 ದಾಟಿದ್ರೂ ಬಾಗಿಲು ಮುಚ್ಚಲ್ಲ, ತೀವ್ರವಾದ ವೈಕಲ್ಯ ಅಂತ ಮೆಡಿಕಲ್ ಬೋರ್ಡ್ ಹೇಳಿದ್ರೆ ವಾರದ ಮಿತಿನೇ ಇಲ್ಲ. ಬೋರ್ಡ್ ಅಂದ್ರೆ ಸ್ತ್ರೀರೋಗ ತಜ್ಞರು, ಮಕ್ಕಳ ಡಾಕ್ಟ್ರು, ಸ್ಕ್ಯಾನಿಂಗ್ ಡಾಕ್ಟ್ರು, ಜೊತೆಗೆ ಸರ್ಕಾರ ಹಾಕಿದ ಇನ್ಯಾರಾದ್ರೂ. ಅರ್ಜಿ ಕೊಟ್ಟು 3 ದಿನದಲ್ಲಿ ಅಭಿಪ್ರಾಯ ಕೊಡ್ಬೇಕು, ಒಪ್ಪಿದ್ರೆ 5 ದಿನದೊಳಗೆ ಕೆಲಸ ಆಗ್ಬೇಕು, ಎರಡೂ ಅರ್ಜಿ ಸಿಕ್ಕ ದಿನದಿಂದ ಲೆಕ್ಕ. ಇದು ನಿಯಮದಲ್ಲೇ ಬರ್ದಿದೆ. ಆಸ್ಪತ್ರೆ ಕೌಂಟರಲ್ಲಿ ಕೂತಿದ್ದೋರಿಗೆ ನಾನೇ ಹೇಳ್ಬೇಕಾಯ್ತು.

ನಾನು ಬೋರ್ಡ್ ಮುಂದೆ ಕೂತಾಗ 24 ವಾರ 4 ದಿನ. ನಾಲ್ಕು ಜನ, ಒಂದು ಉದ್ದ ಟೇಬಲ್ಲು, ಮೂಲೇಲಿ ಕಿರ್ ಕಿರ್ ಅಂತ ಫ್ಯಾನು. ವಯಸ್ಸಾದ ಡಾಕ್ಟ್ರೊಬ್ರು ಫೈಲ್ ಮುಚ್ಚಿ "ನೀವೇ ಹೇಳ್ತಿದೀರ ತಾನೆ ಅಮ್ಮ, ಯಾರೂ ಬಲವಂತ ಮಾಡಿಲ್ಲ ಅಲ್ವಾ" ಅಂತ ಕನ್ನಡದಲ್ಲಿ ಕೇಳಿದ್ರು. ಅಷ್ಟು ದಿನದಲ್ಲಿ ನನ್ನನ್ನ ನೇರವಾಗಿ ಕೇಳಿದ್ದು ಅವರೊಬ್ರೇ.

ಆಮೇಲಿಂದು ಸುಲಭ ಅಂತ ಹೇಳಲ್ಲ, ಹೆರಿಗೆ ಥರಾನೇ ನೋವು ಬರ್ಸಿ ತೆಗೀತಾರೆ, ಅದಕ್ಕೆ ಮುಂಚೆ ಹೊಟ್ಟೆಯೊಳಗೆ ಎದೆಬಡಿತ ನಿಲ್ಲಿಸೋ ಇಂಜೆಕ್ಷನ್ ಕೊಡ್ತಾರೆ, ಅದನ್ನ ಮೊದಲೇ ಕೇಳಿ ತಿಳ್ಕೊಳ್ಳಿ, ಟೇಬಲ್ ಮೇಲೆ ಮಲಗಿದ್ಮೇಲೆ ಗೊತ್ತಾಗೋದು ಬೇಡ. ಮತ್ತೆ ಇದನ್ನ ಯಾರೂ ಹೇಳಲ್ಲ, ಮೂರನೇ ದಿನ ಹಾಲು ಬರತ್ತೆ. ಬೆಳಗ್ಗೆ ಎದ್ದು ನೋಡಿದ್ರೆ ನೈಟಿ ಒದ್ದೆ. ಅಮ್ಮ ಮಾರ್ಕೆಟ್ಟಿಂದ ಎರಡು ಮಾರು ಮಲ್ಲಿಗೆ ತರ್ಸಿ ಎದೆಗೆ ಕಟ್ಟಿದ್ರು, ಹಾಲು ಬತ್ತತ್ತೆ ಅಂತ ನಮ್ಮ ಕಡೆ ಹಳೇ ಪದ್ಧತಿ. ಇವತ್ತಿಗೂ ಮಲ್ಲಿಗೆ ವಾಸನೆ ಬಂದ್ರೆ ನಾನು ಎದ್ದು ಹೊರಗೆ ಹೋಗ್ತೀನಿ. ಅದಕ್ಕೆ ಮಾತ್ರೆ ಇದೆ, ಕ್ಯಾಬರ್ಗೋಲಿನ್ ಅಂತ, ಡಿಸ್ಚಾರ್ಜ್ ಮಾಡೋ ಮುಂಚೆ ಡಾಕ್ಟ್ರನ್ನ ಕೇಳಿ.

ತಂಗಿ ಕೆಲಸದಲ್ಲಿದ್ರೆ ಹೆರಿಗೆ ಭತ್ಯೆ ಕಾನೂನಲ್ಲಿ ಇದಕ್ಕೂ 6 ವಾರ ಸಂಬಳದ ರಜೆ ಇದೆ. ನಮ್ಮ ಆಫೀಸಲ್ಲಿ ಸಿಕ್ ಲೀವ್ ಹಾಕಿ ಅಂದಿದ್ರು, ಕಾನೂನಿನ ಪ್ರಿಂಟ್ ತಗೊಂಡ್ ಹೋಗಿ ಟೇಬಲ್ ಮೇಲಿಟ್ಟೆ.

ಉತ್ತರ, ಸ್ಟಾಫ್ ನರ್ಸ್, ಮೈಸೂರು:

ಮೇಡಂ, ಗಂಡನ ಸೈನ್ ಬೇಕಾಗಿಲ್ಲ. 18 ತುಂಬಿದ ಹೆಣ್ಣುಮಗಳ ಒಪ್ಪಿಗೆ ಒಂದೇ ಸಾಕು, ಫಾರಂ ಸಿ ಅಂತ ಇರತ್ತೆ, ಅದಕ್ಕೆ ಅವರೇ ಸಹಿ ಮಾಡ್ಬೇಕು. ಆಸ್ಪತ್ರೆಯವ್ರು ಗಂಡನ್ನ ಕರ್ಕೊಂಬನ್ನಿ ಅಂತ ಹೇಳೋದು ನಾಳೆ ಗಲಾಟೆ ಆಗದೇ ಇರ್ಲಿ ಅಂತ ಅಷ್ಟೇ, ಕಾನೂನಲ್ಲಿ ಇಲ್ಲ. ಹಂಗೇ ಹೆಸರನ್ನ ಹೊರಗೆ ಬಿಟ್ಟುಕೊಟ್ರೆ ಒಂದು ವರ್ಷದವರ್ಗೂ ಜೈಲು ಶಿಕ್ಷೆ ಇದೆ.

ತಾಯಿ ಕಾರ್ಡಲ್ಲಿ ಬರ್ದಿರೋ ಡೇಟ್ ನೋಡಿ, ಮತ್ತೆ ಮೊದಲನೇ ಸ್ಕ್ಯಾನ್ ರಿಪೋರ್ಟ್ ಹುಡುಕಿ. ಎಷ್ಟೋ ಜನಕ್ಕೆ ಕೊನೇ ಮುಟ್ಟಿನ ದಿನ ಸರಿಯಾಗಿ ನೆನಪಿರಲ್ಲ, ಯುಗಾದಿ ಆದ್ಮೇಲೆ ಅಂತಾರೆ, ನಾವೂ ಅಂದಾಜಲ್ಲಿ ಬರ್ಕೊಂಡಿರ್ತೀವಿ. ಎರಡು ಮೂರನೇ ತಿಂಗಳಲ್ಲಿ ಮಾಡಿದ ಸ್ಕ್ಯಾನಿನ ಅಳತೆ ಹೆಚ್ಚು ನಂಬಿಕೆಯದ್ದು. ನಾಲ್ಕು ದಿನದ ವ್ಯತ್ಯಾಸಾನೂ ನಿಮ್ಮ ಕೇಸಲ್ಲಿ ದೊಡ್ಡದು.

ಇನ್ನೊಂದು, ಬೇಜಾರಾಗ್ಬೇಡಿ, ಯಾವ ಕಾರಣಕ್ಕೂ ಗಂಡಾ ಹೆಣ್ಣಾ ಅಂತ ಬಾಯಿತಪ್ಪಿನೂ ಕೇಳ್ಬೇಡಿ. 2023ರಲ್ಲಿ ಮಂಡ್ಯ ಕಡೆ ಆಲೆಮನೇಲಿ ಸ್ಕ್ಯಾನಿಂಗ್ ಮಷೀನ್ ಇಟ್ಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡ್ತಿದ್ದ ಜಾಲ ಸಿಕ್ಬಿತ್ತಲ್ಲ, ಅದಾದ್ಮೇಲೆ ಐದನೇ ತಿಂಗಳಾದ್ಮೇಲೆ ಯಾರು ಬಂದ್ರೂ ಡಾಕ್ಟ್ರುಗಳಿಗೆ ಭಯ. ಆ ಕಳ್ಳರು ಮಾಡಿದ್ದಕ್ಕೆ ನಿಮ್ಮಂಥೋರು ಬಾಗಿಲಲ್ಲಿ ನಿಲ್ಲೋ ಹಂಗಾಗಿದೆ. ಮೆಡಿಕಲ್ ಶಾಪಿಂದ ಮಾತ್ರೆ ತಂದು ಮನೇಲಿ ನುಂಗ್ಸೋ ಐಡಿಯಾ ಯಾರಾದ್ರೂ ಕೊಟ್ರೆ ಅವರನ್ನ ಮನೆಯೊಳಗೇ ಸೇರಿಸ್ಬೇಡಿ, ಈ ತಿಂಗಳಲ್ಲಿ ರಕ್ತ ಹೋಗಿ ತಾಯೀನೇ ಹೋಗ್ತಾಳೆ.

ಉತ್ತರ, ವಕೀಲರು, ಧಾರವಾಡ:

ಅಕ್ಕಾರ, ಕೋರ್ಟಿಗೆ ಹೋಗ್ರಿ ಅಂತ ನಿಮ್ಮ ಡಾಕ್ಟರ್ ಹೇಳಿದ್ದು ಹಳೇ ಕಾಲದ ಮಾತು. 2008ರಾಗ ಮುಂಬೈದಾಗ ನಿಕೇತಾ ಮೆಹ್ತಾ ಅನ್ನೋರು ಹಿಂಗ ಮಗುವಿನ ಹೃದಯದ ತ್ರಾಸಿಗೆ ಹೈಕೋರ್ಟಿಗೆ ಹೋದ್ರು, 20 ವಾರ ದಾಟೇತಿ ಅಂತ ಕೋರ್ಟ್ ಇಲ್ಲ ಅಂತು, ಮುಂದ ಸ್ವಲ್ಪ ದಿನದಾಗ ತಾನಾಗೇ ಗರ್ಭಪಾತ ಆತು. ಆ ಕೇಸಿಂದ ಶುರುವಾದ ಚರ್ಚೆ 13 ವರ್ಷ ನಡದು 2021ಕ್ಕ ಕಾನೂನು ಆತು. ಈಗ ಮೊದಲ ಬೋರ್ಡ್, ಬೋರ್ಡ್ ಸುಮ್ನ ಕುಂತ್ರ ಅಥವಾ ಆಗಂಗಿಲ್ಲ ಅಂದ್ರ ಅಷ್ಟ ಹೈಕೋರ್ಟಿಗೆ ರಿಟ್ ಅರ್ಜಿ ಹಾಕೂದು. ನಿಮ್ಮ ಕಡೆಯವರಿಗೆ ಬೆಂಗಳೂರು, ನಮ್ಮ ಕಡೆ ಧಾರವಾಡ, ಕಲಬುರಗಿ ಪೀಠ ಅದಾವ. ಇಂಥಾ ಅರ್ಜಿ ಬಂದ್ರ ಕೋರ್ಟ್ ಜಲ್ದಿನ ತಗೋತಾವ, ತಡ ಆಗೂದು ಕಾಗದ ಪೂರಾ ಇಲ್ಲದ್ದಕ್ಕ.

ನಿಮಗ 24 ಆಗಾಕ ಇನ್ನೂ ಆರು ದಿನ ಐತಿ ಅಂದ್ರ ಇಬ್ಬರು ಡಾಕ್ಟರ್ ಬರದ್ರ ಸಾಕು, ಬೋರ್ಡೂ ಬೇಕಾಗಿಲ್ಲ. ಆದ್ರ ಯಾರೂ ಧೈರ್ಯ ಮಾಡಲಿಲ್ಲ ಅಂದ್ರ ಅಂತ ಬೋರ್ಡಿಗೂ ಇವತ್ತ ಅರ್ಜಿ ಕೊಡ್ರಿ, ಕೊಟ್ಟದ್ದಕ್ಕ ಸೀಲ್ ಹಾಕಿಸ್ಕೋರಿ. ಬಾಯಿಮಾತಿಲೆ ಆಗಂಗಿಲ್ಲ ಅಂದವರಿಗೆ ಬರದು ಕೊಡ್ರಿ ಅಂತ ಕೇಳ್ರಿ, ಅರ್ಧಾ ಮಂದಿ ಅಲ್ಲೇ ಮೆತ್ತಗಾಗ್ತಾರ.

ಒಂದು ತಿಳ್ಕೋಬೇಕು, ನಮ್ಮ ದೇಶದಾಗ ಇದು ಇವತ್ತಿಗೂ ಹೆಣ್ಣಮಗಳ ಹಕ್ಕು ಅಂತ ಬರದಿಲ್ಲ. ಗರ್ಭಪಾತ ಮಾಡ್ಸೂದು ಅಪರಾಧ, ಮೊದಲ ಐಪಿಸಿ ಅಂದ್ರ ಹಳೇ ದಂಡ ಸಂಹಿತೆಯ 312ನೇ ಕಲಂ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಂ, ಈ ಕಾನೂನು ಅದಕ್ಕೊಂದು ವಿನಾಯಿತಿ ಅಷ್ಟ. ಅದಕ್ಕ ಕಡೀ ಮಾತು ಡಾಕ್ಟರ್ ಕೈಯಾಗ. 2022ರ ಸೆಪ್ಟೆಂಬರದಾಗ ಸುಪ್ರೀಂ ಕೋರ್ಟ್ ಲಗ್ನ ಆಗಲಾರದವರಿಗೂ 24 ವಾರ ಅನ್ವಯ ಅಂತು, ಛಲೋ ಆತು. ಮರುವರ್ಷ ಅಕ್ಟೋಬರದಾಗ ಎರಡು ಮಕ್ಕಳ ತಾಯಿಯೊಬ್ಬಾಕಿ 26 ವಾರಕ್ಕ ಕೇಳಿದ್ಲು, ಬಾಣಂತನದ ಖಿನ್ನತೆಯಿಂದ ಇನ್ನೂ ಎದ್ದಿರಲಿಲ್ಲ ಆಕಿ. ಇಬ್ಬರು ನ್ಯಾಯಮೂರ್ತಿಗಳೊಳಗ ನಮ್ಮ ಕರ್ನಾಟಕದ ನಾಗರತ್ನ ಅವರು ಆಕಿ ನಿರ್ಧಾರಕ್ಕ ಬೆಲೆ ಕೊಡ್ರಿ ಅಂದ್ರು, ಇನ್ನೊಬ್ಬರು ಮೊದಲ ಒಪ್ಪಿ ಆಮ್ಯಾಲೆ ಹಿಂದ ಸರದ್ರು, ಕಡೀಕ ಮೂವರ ಪೀಠ ಮಗು ಆರಾಮ ಐತಿ, ಆಗಂಗಿಲ್ಲ ಅಂತು. ನಿಮ್ಮ ತಂಗೀ ಕೇಸಿಗೂ ಇದಕ್ಕೂ ಇರೂ ಫರಕ್ ಒಂದ, ರಿಪೋರ್ಟ್. ರಿಪೋರ್ಟಿನ್ಯಾಗ ಮಗುವಿನ ತೊಂದ್ರೆ ಎಷ್ಟು ತೀವ್ರ ಅನ್ನೂದು ಬಿಡಿಸಿ ಬರಸ್ಕೋರಿ, ಎಲ್ಲಾ ಅದರ ಮ್ಯಾಲೆ ನಿಂತೇತಿ.

ನಮ್ಮ ಬೆಳಗಾವಿ ಮಗಳು ಸವಿತಾ ಹಾಲಪ್ಪನವರ ನೆನಪಿರಬೇಕು. 2012ರಾಗ ಐರ್ಲೆಂಡಿನ ಗಾಲ್ವೇದಾಗ, 17 ವಾರಕ್ಕ ಗರ್ಭ ಉಳಿಯೂದಿಲ್ಲ ಅಂತ ಗೊತ್ತಾಗಿತ್ತು, ಮಗುವಿನ ಎದೆಬಡಿತ ಐತಿ ಅಂತ ತಗೀಲಿಲ್ಲ, ನಂಜೇರಿ ಹೋದ್ಲು. ಆಕಿನೂ ಡಾಕ್ಟರನ, ಹಲ್ಲಿನ ಡಾಕ್ಟರ್. ಆ ದೇಶದ ಮಂದಿ ರಸ್ತೆಗಿಳದು 2018ಕ್ಕ ಮತ ಹಾಕಿ ಸಂವಿಧಾನಾನ ತಿದ್ದಿದ್ರು. ನಮ್ಮ ಕಾನೂನಿನ್ಯಾಗ ತಾಯಿ ಜೀವಕ್ಕ ತಕ್ಷಣ ಅಪಾಯ ಇದ್ರ ವಾರದ ಲೆಕ್ಕ ಇಲ್ಲ ಅಂತ 1971ರಿಂದನ ಐತಿ.

ಉತ್ತರ, ಡಾಲಸ್:

ಇಲ್ಲಿಂದ ಓದ್ತಾ ಇದ್ರೆ ಹೊಟ್ಟೆ ಉರಿಯತ್ತೆ ಅಂದ್ರೆ ತಪ್ಪು ತಿಳ್ಕೋಬೇಡಿ. ಟೆಕ್ಸಸಲ್ಲಿ 2022ರಿಂದ ಮಗು ಬದುಕಲ್ಲ ಅಂತ ಗೊತ್ತಿದ್ರೂ ತೆಗೆಯೋಹಾಗಿಲ್ಲ, ತಾಯಿ ಪ್ರಾಣಕ್ಕೋ ದೇಹಕ್ಕೋ ದೊಡ್ಡ ಅಪಾಯ ಇದ್ರೆ ಮಾತ್ರ. ನಾವು ಕಾರಲ್ಲಿ ನ್ಯೂ ಮೆಕ್ಸಿಕೋಗೆ ಹೋದ್ವಿ, ಹತ್ತು ಗಂಟೆ ದಾರಿ, ಅಲ್ಲಿ ವಾರದ ಮಿತಿ ಇಲ್ಲ. ಊರಲ್ಲಿ ಅಮ್ಮಂಗೆ ಟ್ರಿಪ್ಪಿಗೆ ಹೋಗ್ತಿದೀವಿ ಅಂತ ಸುಳ್ಳು ಹೇಳಿದ್ದೆ, ಫೋಟೋ ಕಳ್ಸು ಅಂದ್ರು.

ಉತ್ತರ, ಉಡುಪಿ:

ನನ್ನದು ಬೇರೆ ಅಭಿಪ್ರಾಯ, ಬೈಬೇಡಿ ಮಾರಾಯ್ರೆ. ನನ್ನ ಮಗನಿಗೆ ಡೌನ್ ಸಿಂಡ್ರೋಮ್, ಈಗ 11 ವರ್ಷ. ಟೆಸ್ಟಲ್ಲಿ ಗೊತ್ತಾದಾಗ ಎಲ್ಲರೂ ತೆಗೆಸಿ ಅಂದದ್ದೇ, ಬೆಳೆಸಿದ್ರೆ ಹೇಗಿರ್ತದೆ ಅಂತ ಒಬ್ಬರೂ ಕೂತು ಹೇಳ್ಲಿಲ್ಲ. ಅವನು ಬೆಳಿಗ್ಗೆ ಅಂಗಡಿಗೆ ಹೋಗಿ ಹಾಲಿನ ಪ್ಯಾಕೆಟ್ ತರ್ತಾನೆ, ಚಿಲ್ಲರೆ ಎಣಿಸಿ ತರ್ತಾನೆ. ತೀವ್ರ ವೈಕಲ್ಯ ಅಂತ ಕಾನೂನು ಹೇಳ್ತದೆ, ತೀವ್ರ ಅಂದ್ರೆ ಎಷ್ಟು ಅಂತ ಎಲ್ಲೂ ಬರೆದಿಲ್ಲ, ನಂಗೆ ಅದು ಹೆದರಿಕೆ. ನಿಮ್ಮ ತಂಗಿಯದ್ದು ಡೌನ್ ಅಲ್ಲ, ಹೃದಯದ್ದು ಬೇರೆಯೇ, ಗೊತ್ತುಂಟು. ತೆಗೆಸ್ಬೇಡಿ ಅಂತ ಹೇಳ್ಲಿಕ್ಕೆ ಬಂದದ್ದೂ ಅಲ್ಲ. ಮಕ್ಕಳ ಹೃದಯದ ಡಾಕ್ಟ್ರ ಹತ್ರ ಒಂದು ಸಲ ತಂಗಿಯನ್ನೇ ಕೂರಿಸಿ ಮಾತಾಡ್ಸಿ, ಆಮೇಲೆ ಅವಳು ಏನು ಹೇಳ್ತಾಳೋ ಅದು. ಅತ್ತೆ ಹೇಳಿದ್ದೂ ಅಲ್ಲ, ನಾವಿಲ್ಲಿ ಬರೆದದ್ದೂ ಅಲ್ಲ.

ಮತ್ತೆ ಬೆಂಗಳೂರಿನವರು:

ಉಡುಪಿ ಅಕ್ಕ ಹೇಳಿದ್ದು ಸರಿ. ನಂಗೂ ಯಾರಾದ್ರೂ ಹಂಗೆ ಕೂರ್ಸಿ ಹೇಳಿದ್ರೆ ಬಹುಶಃ ಅದೇ ನಿರ್ಧಾರ ಮಾಡ್ತಿದ್ದೆ, ಆದ್ರೆ ನಿದ್ದೆ ಬರ್ತಿತ್ತೇನೋ. ಒಂದೇ ಒಂದು, ಹೃದಯದ ಸ್ಕ್ಯಾನಿಗೆ ಅಪಾಯಿಂಟ್ಮೆಂಟ್ ಮುಂದಿನ ವಾರ ಅಂದ್ರೆ ಒಪ್ಕೋಬೇಡಿ, 23 ವಾರ ಅಂತ ಫೋನಲ್ಲೇ ಜೋರಾಗಿ ಹೇಳಿ.

ಕೇಳಿದವರು:

ಎಲ್ರಿಗೂ ಕೈ ಮುಗೀತೀನಿ, ಒಬ್ಬೊಬ್ರಿಗೆ ಬರೆಯಕ್ಕೆ ಆಗ್ತಿಲ್ಲ. ಇವತ್ತು 23 ವಾರ 3 ದಿನ. ಮೊದಲನೇ ಸ್ಕ್ಯಾನ್ ರಿಪೋರ್ಟ್ ಗೋದ್ರೇಜ್ ಬೀರುಲಿ ಸೀರೆ ಕೆಳಗಿತ್ತು, ಅದರ ಲೆಕ್ಕದಲ್ಲಿ 23 ವಾರಾನೇ ಅಂತೆ, ಮೂರು ದಿನ ಕಮ್ಮಿ. ನಿನ್ನೆ ಹೃದಯದ ಸ್ಕ್ಯಾನ್ ಆಯ್ತು, ಆ ಡಾಕ್ಟ್ರು ತಂಗೀನ ಒಬ್ಳನ್ನೇ ಒಳಗೆ ಕರ್ಸಿ ಅರ್ಧ ಗಂಟೆ ಕಾಗದದ ಮೇಲೆ ಚಿತ್ರ ಬರ್ದು ವಿವರಿಸಿದ್ರಂತೆ, ಆ ಕಾಗದ ಮಡಚಿ ಬ್ಲೌಸಲ್ಲಿ ಇಟ್ಕೊಂಡಿದಾಳೆ. ಹೊರಗೆ ಬಂದು ಬೇಡ ಅಂದ್ಲು, ಈ ಸಲ ಗಂಡನ ಮುಂದೇನೇ. ಸರ್ಕಾರಿ ಆಸ್ಪತ್ರೇಲಿ ಒಬ್ಬ ಡಾಕ್ಟ್ರು ಬರೆದುಕೊಟ್ಟಿದಾರೆ, ಎರಡನೆಯವ್ರು ನಾಳೆ ಬರ್ತಾರೆ, ಬೋರ್ಡಿಗೂ ಅರ್ಜಿ ಹಾಕಿ ಸೀಲ್ ಹಾಕಿಸ್ಕೊಂಡೆ. ಬರ್ದು ಕೊಡಿ ಅಂತ ಕೇಳಿದ್ಮೇಲೇನೇ ಒಳಗೆ ಬಿಟ್ಟಿದ್ದು. ಅತ್ತೆ ಮಾತಾಡ್ತಿಲ್ಲ, ಆದ್ರೆ ಬೆಳಗ್ಗೆ ಏಳರ ಬಸ್ಸಿಗೆ ಅಂತ ಚಿತ್ರಾನ್ನ ಕಟ್ಟಿಡ್ತೀನಿ ಅಂದ್ರು. ಆ ಹಾಲಿನ ಮಾತ್ರೆ ಹೆಸರು ಚೀಟೀಲಿ ಬರ್ಕೊಂಡಿದೀನಿ.